ಬುಡ ಮಾತ್ರ ನೀರಿನಲ್ಲಿ

ಓನರಮ್ಮನ ಬಲಗೈ ತೋರುಬೆರಳಿನಲ್ಲಿ ದಾರ ಕೊರೆದ ಗೀರೊಂದಿತ್ತು. ಮಲ್ಲಿಗೆ ಕಟ್ಟಿ ಕಟ್ಟಿ ಆದದ್ದು. ಹೂವಿನ ವ್ಯಾಪಾರ ಬಿಟ್ಟ ಮೇಲೂ ಹೋಗಿರಲಿಲ್ಲ. ಬಲಗೈಯೇ ಹೌದೇ ಎಂದು ಈಗ ಬರೆಯುವಾಗ ಅನುಮಾನ. ಗೀರು ಮಾತ್ರ ನಿಜ.

ಕುಂಬಾರಕೊಪ್ಪಲಿನ ಆ ಮನೆಯ ಮಹಡಿಯಲ್ಲಿ, ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಹೇಳುತ್ತ, ನಾನು ಬಾಡಿಗೆಗಿದ್ದೆ. ಕೆಳಗೆ ಓನರಮ್ಮ ಮತ್ತು ಅವರ ಗಂಡ. ಗಂಡ ದೊಡ್ಡ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಕೊಟ್ಟ ಮೇಲೆ ಅವರ ನಾಲಿಗೆಗೆ ರುಚಿಯೇ ತಿಳಿಯುತ್ತಿರಲಿಲ್ಲ. ನಿಧಾನವಾಗಿ ಮರಳಬಹುದು ಎಂದು ಡಾಕ್ಟರು ಹೇಳಿದ್ದರು. ಏನು ಕೊಟ್ಟರೂ ಮಣ್ಣು ತಿಂದ ಹಾಗಿದೆ ಅನ್ನುತ್ತಿದ್ದವರು ಒಂದು ದಿನ ಆಸ್ಪರಾಗಸ್ ಎಂಬ ಹಸಿರು ಕಡ್ಡಿಯಂಥ ವಿದೇಶಿ ತರಕಾರಿ ಕೇಳಿದರು. ಹೋಟೆಲಿನಲ್ಲಿ ಅದರ ಎಳೆಯ ತುದಿ ಅತಿಥಿಗಳ ತಟ್ಟೆಗೆ ಹೋಗುತ್ತಿತ್ತು; ಕತ್ತರಿಸಿ ಉಳಿದ ಬುಡವನ್ನು ಇವರು ಬೇಯಿಸಿಕೊಳ್ಳುತ್ತಿದ್ದರಂತೆ. "ತುದಿ ತಿಂದೇ ಇಲ್ಲ ಕಣಮ್ಮಿ," ಎಂದರು.

ರುಚಿ ಮರಳಿದ ದಿನ ಅದು ಮನೆಯಲ್ಲಿರಬೇಕು ಎಂಬುದು ಓನರಮ್ಮನ ಹಟವಾಯಿತು. ಸೂಪರ್ ಮಾರ್ಕೆಟ್ಟಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಂಡಾಗ ತಂದುಕೊಡುವುದು ನನ್ನ ಕೆಲಸ.

ಮೊದಲ ಕಟ್ಟನ್ನು ಅವರು ಮಲ್ಲಿಗೆ ಮೊಗ್ಗಿನ ಹಾಗೆಯೇ ನೀರು ಚಿಮುಕಿಸಿ, ಒದ್ದೆ ಬಟ್ಟೆ ಸುತ್ತಿ, ಬಾಳೆಎಲೆಯಲ್ಲಿ ಕಟ್ಟಿಟ್ಟರು. ಬಿಚ್ಚಿದಾಗ ತುದಿಗಳೆಲ್ಲ ಕೊಳೆತು ಲೋಳೆಯಾಗಿದ್ದವು. ಗಂಡ ಮಂಚದಿಂದಲೇ ನೋಡಿ, "ಇದೇನು ಮುಡ್ಕೊಳೋ ಹೂವೇನಮ್ಮಿ? ತಲೆ ನೆನೀಬಾರ್ದು. ಬುಡ ಮಾತ್ರ ನೀರಲ್ಲಿರ್ಬೇಕು," ಎಂದರು.

ಅಂದಿನಿಂದ ಬುಡವನ್ನು ತುಸು ಕತ್ತರಿಸಿ, ಚೊಂಬಿನ ನೀರಿನಲ್ಲಿ ನಿಲ್ಲಿಸಿ, ಮೇಲೊಂದು ಕವರ್ ಸಡಿಲವಾಗಿ ಮುಚ್ಚಿ ಫ್ರಿಜ್ಜಿನಲ್ಲಿಡುತ್ತಿದ್ದರು. ನೀರು ಕದಡಿದರೆ ಬದಲಿಸುತ್ತಿದ್ದರು. ಬಾಡುವ ಸೂಚನೆ ಕಂಡರೆ ಕುದಿಯುವ ನೀರಿನಲ್ಲಿ ಅದ್ದಿ, ಐಸ್ ನೀರಿಗೆ ಹಾಕಿ, ಒರೆಸಿ ಫ್ರೀಜರ್‌ಗೆ. ಮಂಚದ ಮೇಲೆ ಗಂಡ ಸೊರಗುತ್ತಿದ್ದರು. ಫ್ರಿಜ್ಜಿನೊಳಗೆ ಕಡ್ಡಿಗಳು ಹಸಿರಾಗಿ ನಿಂತಿರುತ್ತಿದ್ದವು.

"ರುಚಿ ಮರಳುತ್ತೆ ಅಂತ ಡಾಕ್ಟರು ಎಲ್ಲರಿಗೂ ಹೇಳ್ತಾರೆ," ಎಂದೆ ಒಮ್ಮೆ.

"ನಿಮ್ಗೆ ಅನುಮಾನ ಪಡೋಕೆ ಸಂಬಳ ಕೊಡ್ತಾರೆ ಮೇಷ್ಟ್ರೇ. ನಂಗ್ಯಾರು ಕೊಡ್ತಾರೆ?"

ಭಾನುವಾರಗಳಂದು ಒಂದು ತುದಿ ಬೇಯಿಸಿ, ಅರೆದು, ಚಮಚದಲ್ಲಿ ಕೊಡುತ್ತಿದ್ದರು. "ಗೊತ್ತಾಯ್ತಾ?" "ಇಲ್ಲ ಕಣಮ್ಮಿ." ಒಂದು ಭಾನುವಾರ ಬಾಡಿಗೆ ಕೊಡಲೆಂದು ಹೋಗಿದ್ದ ನಾನೂ ಅಲ್ಲಿದ್ದೆ. ಗಂಡ ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು, ಕಷ್ಟಪಟ್ಟು ನುಂಗಿದರು.

"ಗೊತ್ತಾಯ್ತು. ಉಪ್ಪು ಹದವಾಗೈತೆ."

"ಈಗ ಬಂದ್ರಾ ದಾರಿಗೆ," ಎಂದು ಓನರಮ್ಮ ಅವರ ಬಾಯಿ ಒರೆಸಿದರು. ಆಗ ಓನರಮ್ಮ ನಕ್ಕರು ಎಂದು ನನ್ನ ನೆನಪು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅಡುಗೆಮನೆಗೆ ಬಂದು ಬಟ್ಟಲು ತೊಳೆಯುತ್ತ ಅವರು ಮೆಲ್ಲಗೆ ಹೇಳಿದ್ದನ್ನು ಮಾತ್ರ ಕಿವಿಯಾರೆ ಕೇಳಿದ್ದೇನೆ: "ಉಪ್ಪೇ ಹಾಕಿರ್ಲಿಲ್ಲ."

ಗಂಡ ಆ ತಿಂಗಳೇ ಹೋದರು. ತಿಥಿಯ ದಿನ ಅವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಬಡಿಸಿದ್ದರು. ಫ್ರೀಜರಿನಲ್ಲಿರುವುದನ್ನೂ ಇಡಿ ಎಂದು ನಾದಿನಿ ಹೇಳಿದಾಗ ಓನರಮ್ಮ, "ಬೇಡ ಬುಡು. ಬಾಯಿದ್ದಾಗ ದಕ್ಕಲಿಲ್ಲ," ಎಂದರು. ಎಸೆಯಲೂ ಇಲ್ಲ.

ಹೋದ ವರ್ಷ ಅವರೂ ತೀರಿಕೊಂಡರು. ಮನೆ ಖಾಲಿ ಮಾಡುತ್ತಿದ್ದ ನಾದಿನಿ ಫ್ರೀಜರಿನ ತಳದಿಂದ ಹಿಮ ಕಟ್ಟಿದ ಪೊಟ್ಟಣವೊಂದನ್ನು ಕಿತ್ತು ತೆಗೆದು, "ಅತ್ತಿಗೆ ಇನ್ನೂ ಇಟ್ಕೊಂಡಿದ್ರು ನೋಡಿ," ಎಂದು ಕಸದ ಚೀಲದತ್ತ ನಡೆದರು. ನಾನು ಕೇಳಿ ತೆಗೆದುಕೊಂಡೆ.

ಮಹಡಿಗೆ ಒಯ್ದು ಒಂದು ತುದಿ ಬೇಯಿಸಿದೆ. ಉಪ್ಪು ಹಾಕಲಿಲ್ಲ. ಬಹಳ ಹೊತ್ತು ಬಾಯಲ್ಲಿಟ್ಟುಕೊಂಡೆ. ನಾರು, ನೀರು, ಫ್ರಿಜ್ಜಿನ ವಾಸನೆ, ಅಷ್ಟೇ. ಆದರೆ ಎದುರಿಗೆ ಚಮಚ ಹಿಡಿದು ಓನರಮ್ಮ ಕೂತಿದ್ದರೆ, ಗೊತ್ತಾಯ್ತು ಎಂದೇ ಹೇಳುತ್ತಿದ್ದೆ.