ಮುಚ್ಚದ ಕಣ್ಣು

ಒಂದು ಬೆಳಗ್ಗೆ ನಮ್ಮ ಗೊರೇಬಾಳದ ಮನೆಯ ನಾಯಿ ರೊಟ್ಟಿ ತಿನ್ನುತ್ತಿದ್ದರೆ ಅರ್ಧ ಬಾಯಿಯ ಎಡಗಡೆಯಿಂದ ಕೆಳಗೆ ಬೀಳುತ್ತಿತ್ತು. ಆ ಕಡೆಯ ತುಟಿ ಜೋತುಬಿದ್ದಿತ್ತು, ಕಿವಿ ಏಳುತ್ತಿರಲಿಲ್ಲ, ಜೊಲ್ಲು ಸುರಿಯುತ್ತಿತ್ತು. ಹುಚ್ಚು ಹಿಡಿದಿದೆ, ಹೊಡೆದು ಹಾಕಿ ಎಂದರು ಓಣಿಯವರು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ನಾಲ್ಕು ಮಾತು ಅಂದು, ನಾಯಿಯನ್ನು ಆಟೋದಲ್ಲಿ ಹಾಕಿಕೊಂಡು ಸಿಂಧನೂರಿನ ದನದ ದವಾಖಾನೆಗೆ ಹೋದೆ.

"ಹುಚ್ಚಲ್ಲರೀ, ಮುಖದ ನರ ಕೆಲಸ ನಿಲ್ಲಿಸೇತಿ," ಎಂದರು ಡಾಕ್ಟರು. "ತಾನಾ ಸುಧಾರಿಸಬಹುದು. ಆದ್ರ ಅಲ್ಲೀಮಟ ಆ ಕಣ್ಣು ಮುಚ್ಚಂಗಿಲ್ಲ. ಒಣಗಾಕ, ಧೂಳು ಬೀಳಾಕ ಬಿಡಬ್ಯಾಡ್ರಿ."

ದಿನವೂ ಹನಿ ಹಾಕಿದೆ. ಆದರೂ ವಾರದಲ್ಲಿ ಕಣ್ಣು ಕೆಂಡದಂತಾಯಿತು, ಮೇಲೆ ಬಿಳಿ ಪೊರೆ ಬಂತು. ಔಷಧವನ್ನು ಬೈದೆ, ರಸ್ತೆಯ ಧೂಳನ್ನೂ ಬೈದೆ.

ಲಿಂಗಪೂಜೆ ಮುಗಿಸಿ ಮನೆಯವರಿಗೆಲ್ಲ ವಿಭೂತಿ ಹಚ್ಚುವುದು ಅವ್ವನ ರೂಢಿ. ಕೊನೆಗೆ ನಾಯಿಯೂ ಬಂದು ಹಣೆ ಒಡ್ಡುತ್ತಿತ್ತು. ಒಂದು ದಿನ ನೋಡಿದರೆ ಅವ್ವ ಬೇಗ ಗುಣವಾಗಲಿ ಎಂದು ಅದರ ಹಣೆಗೆ ದಪ್ಪಗೆ ಬಳಿಯುತ್ತಿದ್ದಳು. ನಾಯಿ ತಲೆ ಕೊಡವಿತು. ಬೂದಿ ನೇರ ಆ ತೆರೆದ ಕಣ್ಣಿಗೇ ಬಿತ್ತು.

"ಏನ್ ಮಾಡಾಕತ್ತೀಬೇ ಯವ್ವಾ? ಅದರ ಕಣ್ಣು ಕಳೀತೀ ಏನು?"

"ಆರಾಮ ಆಗಲಿ ಅಂತ ಹಚ್ಚೀನಪಾ," ಎಂದಳು. ವಿಭೂತಿ ಎತ್ತಿಕೊಂಡು ಒಳಗೆ ಹೋದಳು.

ಕಣ್ಣಲ್ಲಿ ಹುಣ್ಣಾಗಿದೆ, ಉಳಿದರೆ ನಿಮ್ಮ ನಸೀಬು ಎಂದು ಡಾಕ್ಟರು ಬೇರೆ ಹನಿ ಕೊಟ್ಟರು. ಆ ಸೀಸೆಯನ್ನು ಅವ್ವ ನನ್ನ ಕೈಯಿಂದ ಕಿತ್ತುಕೊಂಡಳು. ಪೂಜೆಯ ನಂತರ ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆದು ಹನಿ ಹಾಕುತ್ತಿದ್ದಳು. ನಾಯಿ ಮಾತ್ರ ಎಂದಿನಂತೆ ಬಂದು ಹಣೆ ಒಡ್ಡುತ್ತಿತ್ತು. ಅದಕ್ಕೇನು ಗೊತ್ತು, ಪಾಪ. ಅವ್ವ ಮುಖ ತಿರುಗಿಸುತ್ತಿದ್ದಳು.

ಐದನೆಯ ವಾರ ತುಟಿ ಸ್ವಲ್ಪ ಮೇಲೆದ್ದಿತ್ತು. ಒಂದು ಮುಂಜಾನೆ ಅಂಗಳದಿಂದ ಅವ್ವ ಕೂಗಿದಳು, "ಲೇ, ಬಾರಲೇ! ಮುಚ್ಚೇತಿ ನೋಡು!"

ಓಡಿ ಹೋದೆ. ಸೀಸೆ ಹತ್ತಿರ ಬರುತ್ತಲೇ ನಾಯಿ ಕಣ್ಣು ಮುಚ್ಚಿತು. ಹನಿ ರೆಪ್ಪೆಯ ಮೇಲೆ ಬಿದ್ದು ಕೆನ್ನೆಗೆ ಇಳಿಯಿತು. ಅವ್ವ ಅಲ್ಲೇ ಕುಳಿತು ಅಳತೊಡಗಿದಳು. "ನನ್ನ ಕೈಯಾಗ ಕುರುಡಾಗ್ತಿತ್ತಲ್ಲಪಾ."

ನಾನು ಅಂದ ಮಾತನ್ನು ಇಷ್ಟು ದಿನ ಹೊತ್ತುಕೊಂಡು ತಿರುಗಿದ್ದಾಳೆ ಎಂದು ಆಗ ತಿಳಿಯಿತು.

"ನಂದು ತಪ್ಪಾತಬೇ," ಎಂದೆ.

"ಸುಮ್ನಿರಲೇ," ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು. "ಹನಿ ಒಳಗ ಬಿದ್ದಿಲ್ಲ. ಅದರ ತಲಿ ಹಿಡಕೋ."