ಸವಿತಾಳ ಸ್ಕೂಟರೂ ಚಿಕ್ಕಮ್ಮನ ಹೇಳಿಕೆಯೂ

ನನ್ನ ತಂಗಿಗೆ ಅಂಗವೈಕಲ್ಯವೇ ಇಲ್ಲವಂತೆ!

ಹಾಗೆ ಹೇಳಿದ್ದು ಡಾಕ್ಟರಲ್ಲ, ಸರ್ಕಾರದ ವೆಬ್‌ಸೈಟು. ಮಳವಳ್ಳಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಪಕ್ಕಕ್ಕೆ ತಳ್ಳಿ, ಎಂದಿನಂತೆ ಮೊಬೈಲಿನಲ್ಲಿ ಅರ್ಜಿ ಸಂಖ್ಯೆ ಒತ್ತಿದೆ. ಎರಡು ತಿಂಗಳಿಂದ ‘ಪರಿಶೀಲನೆಯಲ್ಲಿದೆ’ ಎಂದು ಹಲ್ಲು ಕಿರಿಯುತ್ತಿದ್ದ ಜಾಗದಲ್ಲಿ ಅವತ್ತು ‘ಹಿಂತಿರುಗಿಸಲಾಗಿದೆ’ ಎಂಬ ಕೆಂಪಕ್ಷರ! ಕೆಳಗೆ ಕಾರಣ: ‘ಅರ್ಜಿದಾರರು ಚೆನ್ನಾಗಿ ಓಡಾಡುತ್ತಾರೆಂದು ತಾಯಿಯ ಹೇಳಿಕೆ.’

ಸವಿತಾ ನನ್ನ ಚಿಕ್ಕಮ್ಮನ ಮಗಳು. ಊರು ಮದ್ದೂರಿನ ಕಡೆ, ಹೆದ್ದಾರಿಯಿಂದ ಮೂರು ಕಿಲೋಮೀಟರ್ ಒಳಗೆ. ಹುಟ್ಟಿದಾಗಿನಿಂದ ಅವಳ ಕಾಲುಗಳಲ್ಲಿ ಬಲವಿಲ್ಲ, ಊರುಗೋಲು ಬೇಕೇ ಬೇಕು. ಕೆಲಸ ಗೆಜ್ಜಲಗೆರೆಯ ಗಾರ್ಮೆಂಟ್ಸ್‌ನಲ್ಲಿ. ಅವಳ ಅಣ್ಣ ಬೈಕಿನಲ್ಲಿ ಬಿಡುತ್ತಿದ್ದ. ಅವನ ಶಿಫ್ಟ್ ಬದಲಾಯಿತು, ಇವಳ ಫಜೀತಿ ಶುರುವಾಯಿತು. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಫ್ಯಾಕ್ಟರಿ ಗೇಟು ಮುಚ್ಚುತ್ತದೆ. ‘ಇನ್ನೊಂದು ಸಲ ಲೇಟಾದ್ರೆ ಬರೋದೇ ಬೇಡ’ ಎಂದು ಸೂಪರ್‌ವೈಸರ್ ಬೇರೆ ಹೇಳಿಬಿಟ್ಟಿದ್ದ. ಅದಕ್ಕೇ ಅಂಗವಿಕಲರಿಗೆಂದು ಸರ್ಕಾರ ಕೊಡುವ, ಪಕ್ಕದಲ್ಲಿ ಇನ್ನೆರಡು ಚಕ್ರ ಇರುವ ಸ್ಕೂಟರಿಗೆ ನಾನೇ ಕೂತು ಅರ್ಜಿ ಹಾಕಿದ್ದೆ.

(ಹಾಕಿದ ಮೇಲೆ ನನಗೊಂದು ರೋಗ ಹತ್ತಿತ್ತು. ದಿನಕ್ಕೆ ನಾಲ್ಕು ಸಲ ಸ್ಟೇಟಸ್ ನೋಡುವುದು. ಹಾಲು ಉಕ್ಕಿದರೂ ಚಿಂತೆಯಿಲ್ಲ, ಮೊದಲು ಸ್ಟೇಟಸ್. ನಿಮಗೂ ಇದೆಯೇ ಈ ರೋಗ?)

ಡಾಕ್ಟರ ಸರ್ಟಿಫಿಕೇಟು, ಫೋಟೋ, ಕಾರ್ಡು ಎಲ್ಲ ಅಪ್‌ಲೋಡ್ ಮಾಡಿದ್ದೆ. ಅಷ್ಟೆಲ್ಲ ಕಾಗದಕ್ಕಿಂತ ನಮ್ಮ ಚಿಕ್ಕಮ್ಮನ ಮಾತಿಗೆ ತೂಕ ಹೆಚ್ಚಾಯಿತೇ? ಮೈಯೆಲ್ಲ ಉರಿದುಹೋಯಿತು. ಭಾನುವಾರ ಬೆಳಗ್ಗೆಯೇ ಬಸ್ಸು ಹತ್ತಿದೆ.

ಆಗಿದ್ದು ಇಷ್ಟು. ಸವಿತಾ ಕೆಲಸಕ್ಕೆ ಹೋಗಿದ್ದ ಹೊತ್ತಿನಲ್ಲಿ ಆಫೀಸಿನಿಂದ ಒಬ್ಬರು ಮೇಡಮ್ಮು, ಒಬ್ಬರು ಸಾರು ಪರಿಶೀಲನೆಗೆ ಬಂದಿದ್ದಾರೆ. ಚಿಕ್ಕಮ್ಮ ಚಾಪೆ ಹಾಸಿ, ಕಾಫಿ ಕೊಟ್ಟು, ಕೋಡುಬಳೆ ಇಟ್ಟಿದ್ದಾರೆ. ‘ನಿಮ್ಮ ಮಗಳು ಹೇಗಮ್ಮ?’ ಎಂದು ಮೇಡಮ್ಮು ಕೇಳಿದ್ದೇ ತಡ, ‘ಚಿನ್ನದಂತೋಳು ಕಣ್ರವ್ವ. ಚೆಂದಾಗ್ ಓಡಾಡ್ತಾಳೆ. ಕಸ, ಮುಸುರೆ, ಅಡ್ಗೆ ಎಲ್ಲಾ ಅವಳ್ದೇಯ’ ಎಂದು ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಮೂಲೆಯಲ್ಲಿದ್ದ ಹಳೇ ಊರುಗೋಲನ್ನು ರಾಗಿ ಮೂಟೆಯ ಹಿಂದಕ್ಕೆ ತಳ್ಳಿದ್ದೂ ಆಗಿದೆ.

ನನಗೆ ತಟ್ಟನೆ ಹೊಳೆಯಿತು. ನಮ್ಮ ಕಡೆ ಅಚ್ಚುಕಟ್ಟಾಗಿ ಬಟ್ಟೆ ತೊಟ್ಟ ಇಬ್ಬರು ಬಂದು ಮಗಳ ಬಗ್ಗೆ ವಿಚಾರಿಸಿದರೆ ಅದು ಗಂಡಿನ ಕಡೆಯವರೇ ತಾನೆ?

‘ಅವರನ್ನ ಹೆಣ್ಣು ನೋಡೋಕೆ ಬಂದೋರು ಅಂದ್ಕೊಂಡ್ರಾ ಚಿಕ್ಕಮ್ಮ?’ ಎಂದೆ, ನಗು ತಡೆದುಕೊಂಡು.

ಚಿಕ್ಕಮ್ಮ ನಗಲಿಲ್ಲ. ‘ಆಪೀಸ್ನೋರು ಅಂತ ಗೊತ್ತಿತ್ತು ಕಣವ್ವ. ಬಂದೇಟ್ಗೇ ಯೋಳುದ್ರು. ಆದ್ರೆ ನನ್ ಬಾಯಲ್ಲಿ, ಗುರ್ತಿಲ್ದೋರ ಮುಂದೆ, ನನ್ ಮಗಳ್ಗೆ ಕಾಲಿಲ್ಲ ಅಂತ ಎಂಗ್ ಯೋಳ್ಲಿ? ಬಾಯ್ಗೇ ಬರ್ನಿಲ್ಲ.’

ನನ್ನ ಸಿಟ್ಟು ಎಲ್ಲಿ ಹೋಯಿತೋ! ಬಸ್ಸಿನಲ್ಲಿ ಒಂದೂವರೆ ಗಂಟೆ ಸಾಣೆ ಹಿಡಿದಿದ್ದ ಮಾತೆಲ್ಲ ದಂಡವಾಯಿತು. ಕಣ್ಣು ತುಂಬಿ ಬಂತು. ಹುಟ್ಟಿದ ಮಗುವನ್ನು ನೋಡಿ ಊರವರು ಲೊಚಗುಟ್ಟಿದ ದಿನದಿಂದ ಈಕೆ ಎಲ್ಲರಿಗೂ ಕೊಟ್ಟುಕೊಂಡು ಬಂದ ಉತ್ತರ ‘ಚಿನ್ನದಂತೋಳು’ ಅನ್ನುವುದೊಂದೇ. ಸರ್ಕಾರ ಬಂತೆಂದು ಬೇರೆ ಉತ್ತರ ಎಲ್ಲಿಂದ ತರಬೇಕು?

ಸವಿತಾ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ‘ಅಲ್ಲ ಕಣವ್ವ, ನೀನಿಂಗಂದ್ರೆ ನಂಗೆ ಸ್ಕೂಟ್ರಲ್ಲ, ಓಟದ ಸ್ಪರ್ದೆಲಿ ಕಪ್ಪು ಕೊಡ್ತರೆ! ಅಕ್ಕ, ಇನ್ನೊಂದ್ಸಲ ಬರಾಕ್ ಯೋಳು. ರಜಾ ಹಾಕ್ತೀನಿ. ನನ್ ಕಾಲು, ನಾನೇ ಮಾತಾಡ್ತೀನಿ.’

ಮರುಪರಿಶೀಲನೆಗೆ ಅರ್ಜಿ ಹಾಕಿದೆ. ಹದಿನೈದು ದಿನಕ್ಕೆ ಅದೇ ಇಬ್ಬರು ಬಂದರು. ನಾನೂ ಹಾಜರಿದ್ದೆ. (ಚಿಕ್ಕಮ್ಮನನ್ನು ಕಾಯಲು ಅನ್ನಿ.) ಸವಿತಾ ಎದ್ದು, ಊರುಗೋಲು ಊರಿಕೊಂಡು ನಡೆದು ತೋರಿಸಿದಳು. ದಾರಿ, ಗೇಟು, ಸೂಪರ್‌ವೈಸರ್, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮೇಡಮ್ಮು ಬರೆದುಕೊಂಡು, ಬಾಗಿಲಲ್ಲಿ ಸೆರಗು ಕಚ್ಚಿ ನಿಂತಿದ್ದ ಚಿಕ್ಕಮ್ಮನತ್ತ ತಿರುಗಿದರು.

‘ಏನಮ್ಮ, ಈಗ ನೀವೇನು ಹೇಳ್ತೀರಿ?’

ಚಿಕ್ಕಮ್ಮ ಮಗಳ ಮುಖ ನೋಡಿದರು, ನೆಲ ನೋಡಿದರು, ಮತ್ತೆ ಮಗಳ ಮುಖ ನೋಡಿದರು.

‘ಕಾಲೊಂದು ಬುಟ್ರೆ, ಇನ್ನೆಲ್ಲಾ ಸರ್ಯಾಗದೆ. ಅಂಗೇ ಬರ್ಕೊಳಿ.’

ಮೇಡಮ್ಮು ನಕ್ಕರು. ಸಾರೂ ನಕ್ಕರು. ಅವರು ಹಾಗೆಯೇ ಬರೆದುಕೊಂಡರೋ ಇಲ್ಲವೋ ಗೊತ್ತಿಲ್ಲ, ನಾನಂತೂ ಆ ಹೇಳಿಕೆಗೆ ಮನಸ್ಸಿನಲ್ಲೇ ರುಜು ಹಾಕಿದೆ.

ಆಮೇಲೊಂದು ಮಧ್ಯಾಹ್ನ ಸ್ಟೇಟಸ್ ನೋಡಿದರೆ ಹಸಿರು! ‘ಅನುಮೋದಿಸಲಾಗಿದೆ.’ ನಾನು ಕೂಗಿದ ಕೂಗಿಗೆ ಹೆಡ್‌ಮಾಸ್ಟರು ಹಾವು ಬಂತೆಂದು ಕೋಲು ಹಿಡಿದು ಓಡಿಬಂದರು. ವಿಷಯ ತಿಳಿದು ಅವರೇ ಎಲ್ಲರಿಗೂ ಟೀ ತರಿಸಿದರು.

ಹೋದ ಭಾನುವಾರ ಸ್ಕೂಟರ್ ನೋಡಲು ಹೋಗಿದ್ದೆ. ಈಗ ಸವಿತಾ ಗೇಟು ತೆಗೆಯುವ ಮೊದಲೇ ಫ್ಯಾಕ್ಟರಿ ಮುಂದೆ ಹಾಜರಂತೆ. ನನಗೆ ತೋರಿಸಲೆಂದು ಒಂದು ಸುತ್ತು ಹೊರಟಳು. ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ, ಹೊಸ ಸೀರೆ, ತಲೆ ತುಂಬ ಹೂವು. ಮನೆಯೆದುರಿನ ಡೈರಿಯ ಹತ್ತಿರ ಹಾಲಿನ ಕ್ಯಾನು ಹಿಡಿದು ಬರುತ್ತಿದ್ದ ಪಕ್ಕದ ಬೀದಿಯ ಸಿದ್ದ ಅಡ್ಡ ನಿಂತ. ‘ನಿಂಗಕ್ಕ, ಯಾರ್ದು ಗಾಡಿ?’

ಚಿಕ್ಕಮ್ಮ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು:

‘ನನ್ ಮಗಳ್ದು ಕಣ್ಲಾ. ಕಾಲ್ಗಾಗಕಿಲ್ಲ ಅಂತ ಸರ್ಕಾರದೋರು ಕೊಟ್ಟವ್ರೆ. ಯಾಕ್ಲಾ, ನಿಂಗೂ ಬೇಕಾ?’