ನನ್ನ ತಲೆಯಲ್ಲಿ ಹುಣ್ಣಿತ್ತು, ಏನೀಗ?

ಚನ್ನಪಟ್ಟಣದ ಛತ್ರದ ಬಾಗಿಲಲ್ಲೇ ನನ್ನ ನಾದಿನಿ ಜಯಾ ನನ್ನನ್ನು ತಡೆದು ನಿಲ್ಲಿಸಿದಳು. ಅವತ್ತು ಅವಳ ಮಗಳು ಸೌಮ್ಯಳ ನಿಶ್ಚಿತಾರ್ಥ. ಕೈಯಲ್ಲಿ ಕುಂಕುಮದ ತಟ್ಟೆ, ಕಣ್ಣು ಮಾತ್ರ ನನ್ನ ತಲೆಯ ಮೇಲೆ.

"ಅತ್ಗೆ, ಇದೇನು ಇಂಗೇ ಬಂದ್ಬುಟ್ರಿ? ಒಸಿ ಸೆರಗಾದ್ರೂ ಹೊದ್ಕಳಿ. ಯಾರಾನ ಕೇಳುದ್ರೆ ತಿರುಪ್ತಿಗೆ ಮುಡಿ ಕೊಟ್ಟೆ ಅಂತ ಹೇಳ್ಬುಡಿ."

ನನ್ನ ತಲೆಯಲ್ಲಿದ್ದದ್ದು ಅರ್ಧ ಇಂಚಿನ ಕೂದಲು. (ಸೊಂಟ ಮುಟ್ಟುತ್ತಿದ್ದ ಜಡೆಯನ್ನು ನೋಡಬೇಕೆನ್ನುವವರಿಗೆ ಮನೆಯ ಗೋಡೆಯ ಮೇಲೆ ಫೋಟೊ ಇದೆ.) ದೇವರ ಹೆಸರಲ್ಲಿ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ತಲೇಲಿ ಹುಣ್ಣಾಗಿತ್ತು, ಕತ್ತರಿಸ್ದೆ ಅಂತೀನಿ ಬಿಡು ಜಯಾ," ಅಂದೆ. ಅವಳು ಗಾಬರಿಯಿಂದ ಸುತ್ತ ನೋಡಿದಳು.

ಎರಡು ವರ್ಷದಿಂದ ಈ ಹುಣ್ಣು ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಮೊದಲು ಸಣ್ಣ ಕೀವುಗುಳ್ಳೆ, ಆಮೇಲೆ ಕೆರೆತ, ಆಮೇಲೆ ಹಕ್ಕಳೆ. ದಿಂಬಿಗೆ ತಲೆಯಿಟ್ಟರೆ ಉರಿ. ನಮ್ಮ ರಾಮನಗರದಲ್ಲಿ ಡಾಕ್ಟರಲ್ಲದವರು ಯಾರು ಹೇಳಿ? ಉಷ್ಣ ಅಂದರು. ನಾಗದೋಷ ಅಂದರು. ಎಣ್ಣೆ ಸಾಲದು ಅಂದರು. ಎಣ್ಣೆ ಸುರಿದುಕೊಂಡೆ. ಹುಣ್ಣು ಇನ್ನೂ ಹುಲುಸಾಗಿ ಎದ್ದಿತು! ಕೊನೆಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ತಂದೆ. ಹಚ್ಚಿದರೆ ಮೂರೇ ದಿನದಲ್ಲಿ ಮಾಯ. ಬಿಟ್ಟರೆ ಹದಿನೈದು ದಿನಕ್ಕೆ ಮತ್ತೆ ಹಾಜರ್.

ಒಂದು ದಿನ ಪಾರ್ಲರಿನ ಹುಡುಗಿ ನನ್ನ ಕೂದಲು ಬಗೆದು ನೋಡಿದವಳೇ ಬಾಚಣಿಗೆ ಕೆಳಗಿಟ್ಟಳು. "ಮೇಡಂ, ಬೇರೆ ಕಸ್ಟಮರ್‌ಗೆ ಅಂಟ್ಕೊಂಡ್ಬುಟ್ರೆ?"

ಕುರ್ಚಿಯಿಂದ ಇಳಿದು ಬಂದೆ. ಅವಳ ಮೇಲೆ ಸಿಟ್ಟು ಬಂತು. ಮನೆ ಮುಟ್ಟುವಷ್ಟರಲ್ಲಿ ಆ ಸಿಟ್ಟು ನನ್ನ ಮೇಲೇ ತಿರುಗಿತ್ತು. ಎರಡು ವರ್ಷ ಊರಿನವರಿಗೆಲ್ಲ ಕಿವಿ ಕೊಟ್ಟ ನಾನು ಒಬ್ಬ ಡಾಕ್ಟರಿಗೆ ಯಾಕೆ ತಲೆ ತೋರಿಸಿರಲಿಲ್ಲ?

ಮರುದಿನವೇ ಹೋದೆ. ಚರ್ಮದ ಡಾಕ್ಟರು ನನ್ನ ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿದರು. "ಇದರಲ್ಲಿ ಸ್ಟೀರಾಯ್ಡ್ ಇದೆಯಮ್ಮ. ಉರಿ ಇಳಿಸುತ್ತೆ, ಸೋಂಕನ್ನ ಒಳಗೇ ಉಳಿಸುತ್ತೆ," ಅಂದರು. ಕೀವನ್ನು ಟೆಸ್ಟಿಗೆ ಕಳಿಸಿದರು. ಕೂದಲಿನ ಬುಡದಲ್ಲಿ ಬ್ಯಾಕ್ಟೀರಿಯಾ ಸೋಂಕು. ಒದ್ದೆ ಕೂದಲನ್ನೇ ಬಿಗಿದು ಕಟ್ಟುವುದು, ಅದರ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಸ್ಕೂಟರಿನ ಹೆಲ್ಮೆಟ್, ಸಾಲದ್ದಕ್ಕೆ ನನ್ನ ಹತ್ತು ಉಗುರು. ಅದನ್ನು ಸಾಕಿದವಳು ನಾನೇ! ಮಾತ್ರೆ, ಔಷಧಿಯ ಶಾಂಪೂ ಬರೆದುಕೊಟ್ಟರು. ಗುಳ್ಳೆ ಹೋಯಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿದರು. ಕೂದಲು ತೆಗೆಯಲೇಬೇಕು ಅಂತ ಅವರೇನೂ ಹೇಳಲಿಲ್ಲ. ತೊಳೆಯಲು ಸಲೀಸು ಅಂತ ನಾನೇ ತೆಗೆಸಿದೆ. ನನ್ನ ತಲೆ, ನನ್ನಿಷ್ಟ.

ಛತ್ರದಲ್ಲಿ ಸೆರಗು ಹೊದೆಯದೆ ಮೊದಲ ಸಾಲಿನಲ್ಲೇ ಕೂತೆ. ಗಂಡಿನ ತಾಯಿ ಪಕ್ಕಕ್ಕೆ ಬಂದರು. ಮಾಗಡಿ ಕಡೆಯ ಹಿರಿಯ ಹೆಂಗಸು, ನೇರ ಮಾತು.

"ಯಾಕವ್ವಾ, ತಲೆ ಬೋಳುಸ್ಕಂಡಿದ್ದೀಯ?"

"ಹುಣ್ಣಾಗಿತ್ತು ಕಣಕ್ಕ. ಔಷಧಿ ತಗೊಂಡೆ, ವಾಸಿಯಾಯ್ತು."

"ಹೌದಾ," ಅಂದವರು ಒಂದು ಕುರ್ಚಿ ಆಚೆ ಸರಿದು ಕೂತರು. ಸರಿಯಲಿ!

ಅಷ್ಟರಲ್ಲಿ ಸೌಮ್ಯ ಕರೆಸಿದಳು. ಸೀರೆ ಸರಿಮಾಡಬೇಕಂತೆ. ರೂಮಿಗೆ ಹೋದರೆ ಚಿಲಕ ಹಾಕಿ ಅಳತೊಡಗಿದಳು.

"ಅತ್ತೆ, ನಂಗೂ ಐತೆ. ಯಾರ್ಗೂ ಹೇಳ್ಬ್ಯಾಡ ಅಂದವ್ಳೆ ಅಮ್ಮ. ಪಿನ್ನು ಹುಣ್ಣಿನ ಮ್ಯಾಲೇ ಚುಚ್ತಾ ಐತೆ. ತಡೆಯಕಾಯ್ತಿಲ್ಲ."

ಭಾರದ ಮೊಗ್ಗಿನ ಜಡೆಯನ್ನು ಮೆಲ್ಲಗೆ ಎತ್ತಿ ನೋಡಿದೆ. ಪಿನ್ನಿನ ಸುತ್ತ ರಕ್ತ ಒಸರಿತ್ತು. ಹೊರಗಿನಿಂದ ಜಯಾ ಬಾಗಿಲು ಬಡಿಯುತ್ತಿದ್ದಳು. "ಅತ್ಗೆ, ಜಡೆ ಬಿಚ್ಬ್ಯಾಡಿ! ಉಂಗ್ರದ ಟೈಮಾಯ್ತು. ಬೀಗ್ರು ಎದ್ದೋದ್ರೆ ಏನ್ ಮಾಡಾದು?"

"ಹೋಗ್ಲಿ ಬಿಡು!" ಅಂದುಬಿಟ್ಟೆ. ತಕ್ಷಣ ನಾಲಿಗೆ ಕಚ್ಚಿಕೊಂಡೆ. ಮದುವೆ ನನ್ನದಲ್ಲವಲ್ಲ? "ನೀನ್ ಹೇಳು ಮಗಳೇ, ಏನ್ಮಾಡ್ಲಿ?" ಎಂದು ಕೇಳಿದೆ.

ಸೌಮ್ಯ ಕಣ್ಣೊರೆಸಿಕೊಂಡಳು. "ಬಿಚ್ಚಿ ಅತ್ತೆ."

ಒಂದೊಂದೇ ಪಿನ್ನು ತೆಗೆದೆ. ಹುಡುಗಿ ಹೂವಿಲ್ಲದೆ, ಬಿಚ್ಚುಗೂದಲಲ್ಲೇ ಹೊರಗೆ ಹೋಗಿ, ಹುಡುಗನ ಮುಂದೆ ನಿಂತು ತಲೆಯ ಹುಣ್ಣಿನ ವಿಷಯ ತಾನೇ ಹೇಳಿದಳು. ಜಯಾ ಕಂಬ ಹಿಡಿದುಕೊಂಡಿದ್ದಳು.

ಹುಡುಗ ಅವಳನ್ನೇ ನೋಡಿದ. "ಅಷ್ಟೇನಾ? ಮೊದ್ಲೇ ಹೇಳಿದ್ರೆ ಡಾಕ್ಟ್ರತ್ರ ಹೋಗ್ಬೋದಿತ್ತಲ್ಲ. ಇಷ್ಟೊತ್ತೂ ನೋವ್ ತಡ್ಕಂಡ್ ಕೂತಿದ್ಯಾ?"

ಉಂಗುರ ಬದಲಾಯಿತು. ಅವನ ತಾಯಿಯ ಮುಖ ಊಟ ಮುಗಿದರೂ ಸಡಿಲವಾಗಲಿಲ್ಲ, ಅದು ಬೇರೆ ಮಾತು.

ಮುಂದಿನ ವಾರ ಸೌಮ್ಯಳನ್ನು ಅದೇ ಡಾಕ್ಟರ ಹತ್ತಿರ ಕರೆದೊಯ್ದೆ. ಅವಳದು ಬೇರೆಯೇ ಕಾಯಿಲೆ. ಜೋರಾದ ತಲೆಹೊಟ್ಟು, ಕೆರೆದು ಕೆರೆದು ಹುಣ್ಣು. ಔಷಧಿಯೂ ಬೇರೆ. (ನನ್ನ ಚೀಟಿಯನ್ನೇ ಅವಳಿಗೂ ಕೊಟ್ಟಿದ್ದರೆ ನಾನೂ ಊರಿನ ಡಾಕ್ಟರುಗಳ ಸಾಲಿಗೆ ಸೇರುತ್ತಿದ್ದೆ.) ಈಗ ಗಾಯ ಒಣಗುತ್ತಿದೆ. ಅವತ್ತು ಜಯಾ ಕೂಡ ಬಂದಿದ್ದಳು. ಗುರುತಿನವರು ಕಂಡಾರೆಂದು ಮುಖದ ತುಂಬ ಸೆರಗು ಎಳೆದುಕೊಂಡು ಕ್ಲಿನಿಕ್ಕಿನ ಹೊರಗೇ ಕೂತಿದ್ದಳು.

ಮಂಡಿ ನೋವಾದರೆ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುವ ನಾವು, ತಲೆಯ ಹುಣ್ಣಿಗೆ ಮಾತ್ರ ಯಾಕೆ ಹೂ ಮುಡಿಸಿ ಮುಚ್ಚುತ್ತೇವೆ?